ಮನೆಯ ಪಾಠಕ್ಕೊಂದು ಪದಕೋಶ

ಅಮೆರಿಕದಲ್ಲಿರುವ ನನ್ನ ಮಗಳು ತನ್ನ ಹದಿನಾಲ್ಕು ವರ್ಷದ ಮಗಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಓದಿಸುತ್ತಿದ್ದಾಳೆ. ಆ ದೇಶದಲ್ಲಿ ಇದು ವಿಚಿತ್ರವೇನಲ್ಲ. 1993ರ ಹೊತ್ತಿಗೆ ಅಲ್ಲಿನ ಐವತ್ತು ರಾಜ್ಯಗಳಲ್ಲಿಯೂ ಮನೆಯ ಶಿಕ್ಷಣಕ್ಕೆ ಕಾನೂನಿನ ಸಮ್ಮತಿ ದೊರೆತಿದ್ದಿತು. ಗಣಿತಕ್ಕೂ ವಿಜ್ಞಾನಕ್ಕೂ ಪುಸ್ತಕ ಆರಿಸುವಾಗ ನನ್ನನ್ನು ಕೇಳದಿದ್ದ ಮಗಳು ಕೆಲವು ತಿಂಗಳ ಹಿಂದೆ ದೂರವಾಣಿಯಲ್ಲಿ ಕೇಳಿದಳು: “ಅಪ್ಪ, ಇವಳ ಶಬ್ದಸಂಪತ್ತು ಬೆಳೆಸುವುದಕ್ಕೆ ಮೂರು ಬಗೆಯ ಪುಸ್ತಕಗಳಿವೆ. ಯಾವುದನ್ನು ಕೊಳ್ಳಲಿ?” ಒಂದರಲ್ಲಿ ವಾರಕ್ಕಿಷ್ಟು ಪದಗಳು, ಅರ್ಥ, ಬಿಟ್ಟ ಸ್ಥಳ ತುಂಬುವ ಅಭ್ಯಾಸ. ಇನ್ನೊಂದರಲ್ಲಿ ಗ್ರೀಕ್, ಲ್ಯಾಟಿನ್ ಧಾತುಗಳು, ಅವುಗಳಿಂದ ಹುಟ್ಟಿದ ಇಂಗ್ಲಿಷ್ ಮಾತುಗಳು. ಮೂರನೆಯದು ಪರೀಕ್ಷೆಗೆಂದು ಮಾಡಿದ ಕಠಿಣಪದಗಳ ಒಂದು ದಪ್ಪ ಪಟ್ಟಿ.

ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಇಂಗ್ಲಿಷ್ ಪುಸ್ತಕಗಳ ಯೋಗ್ಯತೆ ಏನು ತಿಳಿದೀತು? ಆದರೆ ಪ್ರಶ್ನೆ ಮಾತ್ರ ನನಗೆ ಹೊಸದಾಗಿರಲಿಲ್ಲ. ಮನೆಯೊಳಗೆ ಕುಳಿತ ಮಗುವಿಗೆ ಮಾತಿನ ಸಂಗ್ರಹವನ್ನು ಹೇಗೆ ಕೊಡಬೇಕು ಎಂಬುದನ್ನು ನಮ್ಮವರು ಸಾವಿರ ವರ್ಷಕ್ಕೂ ಮೇಲ್ಪಟ್ಟು ಯೋಚಿಸಿದ್ದಾರೆ.

ಮೊದಲು ನೆನಪಾಗುವುದು ಅಮರಕೋಶ. ಅಮರಸಿಂಹನ ಈ ಗ್ರಂಥದ ನಿಜವಾದ ಹೆಸರು ನಾಮಲಿಂಗಾನುಶಾಸನ. ಮೂರು ಕಾಂಡ, ಸುಮಾರು ಒಂದೂವರೆ ಸಾವಿರ ಶ್ಲೋಕ. ಇಲ್ಲಿ ಪದಗಳು ಅಕಾರಾದಿಯಾಗಿ ಬರುವುದಿಲ್ಲ. ಸ್ವರ್ಗ, ಆಕಾಶ, ದಿಕ್ಕು, ಕಾಲ, ಭೂಮಿ, ಊರು, ಬೆಟ್ಟ, ಗಿಡಮೂಲಿಕೆ, ಮನುಷ್ಯ ಎಂದು ಲೋಕವನ್ನೇ ವರ್ಗವರ್ಗವಾಗಿ ಹಂಚಿಟ್ಟಿದೆ. ನಾನಾರ್ಥದ ಪದಗಳನ್ನು ಮಾತ್ರ ಅವುಗಳ ಕೊನೆಯ ವ್ಯಂಜನದ ಕ್ರಮದಲ್ಲಿ ಜೋಡಿಸಿದೆ. ಪದದೊಡನೆ ಲಿಂಗವೂ ತಿಳಿಯಬೇಕೆಂಬುದು ಗ್ರಂಥಕಾರನ ಹಟ. ಸಂಸ್ಕೃತದಲ್ಲಿ ಇದು ಸಣ್ಣ ಮಾತಲ್ಲ. ಹೆಂಡತಿ ಎಂಬ ಅರ್ಥದಲ್ಲಿ ‘ಭಾರ್ಯಾ’ ಸ್ತ್ರೀಲಿಂಗ, ‘ಕಲತ್ರ’ ನಪುಂಸಕ, ‘ದಾರ’ ಪುಲ್ಲಿಂಗ, ಅದೂ ಬಹುವಚನ! ಛಂದಸ್ಸಿಗೂ ಲಿಂಗಕ್ಕೂ ಹೊಂದುವ ಮಾತನ್ನು ತತ್‌ಕ್ಷಣ ಹುಡುಕಬೇಕಾದ ಕವಿಗೆ ಇಂಥ ಕೋಶ ನಾಲಗೆಯ ಮೇಲೆ ಇರುವುದಕ್ಕಿಂತ ದೊಡ್ಡ ಉಪಕಾರವಿಲ್ಲ.

ಆದರೆ ಕಂಠಪಾಠ ಮಾಡುತ್ತಿದ್ದವರು ಕವಿಗಳಲ್ಲ, ನನ್ನಂಥ ಎಂಟು ವರ್ಷದ ಹುಡುಗರು. ನಮ್ಮ ತಾತ ಬೆಳಗಿನ ಹಾಲಿಗೆ ಮುಂಚೆ ಹತ್ತು ಶ್ಲೋಕ ಒಪ್ಪಿಸಬೇಕೆಂದು ಕಟ್ಟು ಮಾಡಿದ್ದರು. ಒಂದು ಗುಂಪು ಮುಗಿದು ಇನ್ನೊಂದು ಆರಂಭವಾಯಿತೆಂದು ತಿಳಿಸುವುದಕ್ಕೆ ಅಮರಸಿಂಹ ‘ತು’, ‘ಅಥ’ ಎಂಬ ಪುಟ್ಟ ಅವ್ಯಯಗಳನ್ನು ಗುರುತಾಗಿ ಇಟ್ಟಿದ್ದಾನೆ. ಅದನ್ನು ಯಾರೂ ನನಗೆ ಹೇಳಿರಲಿಲ್ಲ, ಗುರುತಿಲ್ಲದ ಕಡೆಯಂತೂ ದೇವರೇ ಗತಿ. ಬಲರಾಮನ ಹೆಸರುಗಳ ಬೆನ್ನಿಗೇ ಮನ್ಮಥನ ಹೆಸರುಗಳು ಬರುತ್ತವೆ. ಬಹುಕಾಲದವರೆಗೆ ಅವರಿಬ್ಬರೂ ಒಬ್ಬನೇ ಎಂದು ತಿಳಿದಿದ್ದೆ. ಹಳೆಯ ಕ್ರಮದಲ್ಲಿ ಅಮರ, ಶಬ್ದ ಆದಮೇಲೆ ರಘುವಂಶ ಬರುತ್ತಿತ್ತು; ಬಾಯಲ್ಲಿದ್ದ ಮಾತಿಗೆ ಜೀವ ಬರುತ್ತಿದ್ದುದು ಅಲ್ಲಿ. ನಡುವೆಯೇ ಓದು ನಿಂತವರ ಪಾಲಿಗೆ ಉಳಿದದ್ದು ಬೀಗದ ಕೈ, ಮನೆಯಲ್ಲ.

ಕನ್ನಡದ ಕೋಶಗಳ ಕಥೆ ಇದಕ್ಕಿಂತ ಸ್ವಲ್ಪ ಬೇರೆ. ಹತ್ತನೆಯ ಶತಮಾನದ ರನ್ನನದೆಂದು ಹೇಳುವ ರನ್ನಕಂದದಲ್ಲಿ ನಮಗೆ ಉಳಿದಿರುವುದು ಹತ್ತು ಹನ್ನೆರಡು ಪದ್ಯಗಳಷ್ಟೆ. ಅನಂತರ ಇಮ್ಮಡಿ ನಾಗವರ್ಮನ ಅಭಿಧಾನವಸ್ತುಕೋಶ. ಇದು ಸಂಸ್ಕೃತಪದಗಳಿಗೆ ಕನ್ನಡದಲ್ಲಿ ಅರ್ಥ ಹೇಳುವಂಥದು. ನಾಚಿರಾಜ ಅಮರಕ್ಕೆ ಕನ್ನಡ ಟೀಕೆ ಬರೆದ. 1398ರಲ್ಲಿ ಮಂಗರಾಜನ ನಿಘಂಟು ಬಂದಿತು. ಇವುಗಳ ಉದ್ದೇಶ ಸ್ಥೂಲವಾಗಿ ಒಂದೇ: ಸಂಸ್ಕೃತದ ಭಂಡಾರಕ್ಕೆ ಕನ್ನಡದ ಬಾಗಿಲು ತೆರೆಯುವುದು.

1530ರ ಸುಮಾರಿಗೆ ಲಿಂಗಮಂತ್ರಿ ‘ಕಬ್ಬಿಗರ ಕೈಪಿಡಿ’ ಬರೆಯುವಾಗ ಅವನ ಮುಂದೆ ಇದ್ದ ಕಷ್ಟವೇ ಬೇರೆ. ಅಷ್ಟು ಹೊತ್ತಿಗೆ ಹಳಗನ್ನಡ ಆಡುಮಾತಿನಿಂದ ದೂರವಾಗಿತ್ತು. ೞಕಾರ ಮಾತಿನಿಂದ ಮರೆಯಾಗಿತ್ತು. ಕನ್ನಡಿಗನಿಗೇ ಕನ್ನಡಪದಕ್ಕೆ ಅರ್ಥ ಹೇಳಬೇಕಾದ ಕಾಲ ಬಂದಿತ್ತು. ಲಿಂಗಮಂತ್ರಿ ಸುಮಾರು ನೂರು ಪದ್ಯಗಳಲ್ಲಿ ಆ ಕೆಲಸ ಮಾಡಿದ, ಅದಕ್ಕೆ ವಾರ್ಧಕ ಷಟ್ಪದಿಯನ್ನು ಆರಿಸಿಕೊಂಡ. ರಾಘವಾಂಕನ ಕಾಲದಿಂದ ಜನರ ಕಿವಿಗೆ ಹೊಂದಿಕೊಂಡಿದ್ದ ಛಂದಸ್ಸು ಅದು. ಕಾವ್ಯ ಓದುವ ಧಾಟಿಯಲ್ಲಿಯೇ ಕೋಶವನ್ನೂ ಓದಬಹುದಾಗಿತ್ತು. ಈ ಜಾಣತನಕ್ಕೆ ನಮ್ಮ ಸಾಹಿತ್ಯಚರಿತ್ರೆಗಳು ಸಲ್ಲಬೇಕಾದಷ್ಟು ಬೆಲೆ ಕೊಟ್ಟಿಲ್ಲವೆಂದೇ ನನ್ನ ಭಾವನೆ.

ಧಾತುವಿನಿಂದ ಪದ ಕಲಿಸುವ ಮಾರ್ಗವೂ ನಮ್ಮಲ್ಲಿ ಉಂಟು. ಹದಿಮೂರನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಕನ್ನಡ ಧಾತುಗಳಿಗೇ ಒಂದು ಪ್ರಕರಣವನ್ನು ಮೀಸಲಿಟ್ಟಿದ್ದಾನೆ. ಆಡು–ಆಟ, ಓಡು–ಓಟ, ನೋಡು–ನೋಟ, ಕೂಡು–ಕೂಟ ಎಂದು ನಾಲ್ಕನ್ನು ತೋರಿಸಿದರೆ ಸಾಕು, ಹತ್ತು ವರ್ಷದ ಮಗು ಐದನೆಯದನ್ನು ತಾನೇ ಹೇಳುತ್ತದೆ. ಒಂದರ ಬೆಲೆಗೆ ಹತ್ತು ಪದ ದೊರಕುವ ಮಾರ್ಗ ಇದು. ಆದರೆ ಅದೇ ಮಗು ‘ಮಾಡು–ಮಾಟ’ ಎಂದು ಮುಂದುವರಿಸಿ, ಮಾಟವೆಂದರೆ ಕೆಲಸವೆಂದು ಬಗೆದರೆ? ಪಕ್ಕದ ಮನೆಯವರು ಮಾಟ ಮಾಡುತ್ತಿದ್ದಾರೆಂದು ಹೇಳಿ ಜಗಳ ತಂದೀತು. ಧಾತು ಹುಟ್ಟನ್ನು ಹೇಳುತ್ತದೆ, ನಡತೆಯನ್ನು ಹೇಳುವುದಿಲ್ಲ. ಅದನ್ನು ಪ್ರಯೋಗದಿಂದಲೇ ತಿಳಿಯಬೇಕು. ಕೇಶಿರಾಜ ತನ್ನ ಗ್ರಂಥದ ಕೊನೆಗೆ ಪ್ರಯೋಗಸಾರವೆಂಬ ಭಾಗವನ್ನೂ ಸೇರಿಸಿದ್ದು ಸುಮ್ಮನೆ ಅಲ್ಲ. 1894ರಲ್ಲಿ ಮಂಗಳೂರಿನಿಂದ ಹೊರಟ ಕಿಟ್ಟೆಲ್ ಕೋಶ ಎಪ್ಪತ್ತು ಸಾವಿರ ಪದಗಳ ಜೊತೆಗೆ ಗಾದೆಗಳನ್ನೂ ಹೊತ್ತು ತಂದಿತು. 1970ರಿಂದ 1995ರವರೆಗೆ ಎಂಟು ಸಂಪುಟಗಳಾಗಿ ಬಂದ ಸಾಹಿತ್ಯ ಪರಿಷತ್ತಿನ ನಿಘಂಟು ಶಾಸನ ಕಾವ್ಯಗಳ ಪ್ರಯೋಗಗಳನ್ನು ಎತ್ತಿಕೊಟ್ಟಿತು.

ಹೀಗೆ ನೋಡಿದರೆ ಪ್ರತಿಯೊಂದು ಪದಕೋಶವೂ ಯಾರದೋ ಒಂದು ಕೊರತೆಗೆ ಉತ್ತರವಾಗಿ ಹುಟ್ಟಿದೆ. ಮಗಳು ಹೇಳಿದ ಮೂರು ಪುಸ್ತಕಗಳನ್ನೂ ನಾನು ಹೀಗೆಯೇ ವಿಚಾರಿಸಿದೆ. ಪಟ್ಟಿಯ ಪುಸ್ತಕ ಅಲ್ಲಿನ ಕಾಲೇಜು ಪ್ರವೇಶದ ಸ್ಯಾಟ್ ಪರೀಕ್ಷೆಗಾಗಿ ಮಾಡಿದ್ದು. ಆ ಪರೀಕ್ಷೆಯವರು ಪದಸಾದೃಶ್ಯದ ಪ್ರಶ್ನೆಗಳನ್ನು 2005ರಲ್ಲಿಯೂ, ಕಠಿಣಪದಗಳಿಂದ ವಾಕ್ಯ ಪೂರ್ತಿಮಾಡುವ ಪ್ರಶ್ನೆಗಳನ್ನು 2016ರಲ್ಲಿಯೂ ಕೈಬಿಟ್ಟರು. ಬಾಗಿಲೇ ಹೋದಮೇಲೆ ಬೀಗದ ಕೈ ಏಕೆ? ಧಾತುವಿನ ಪುಸ್ತಕ ನಮ್ಮವರಿಗೂ ಅಪರಿಚಿತವಲ್ಲ. 1949ರಲ್ಲಿ ಮೊದಲು ಅಚ್ಚಾದ ನಾರ್ಮನ್ ಲೂಯಿಸರ ‘ವರ್ಡ್ ಪವರ್ ಮೇಡ್ ಈಸಿ’ಯನ್ನು ನಮ್ಮ ಎಷ್ಟು ಮಂದಿ ಪದವೀಧರರು ಬೀದಿಬದಿಯಲ್ಲಿ ಕೊಂಡು ಓದಿಲ್ಲ! ಇನ್ನು ಬಿಟ್ಟ ಸ್ಥಳ ತುಂಬುವ ಪುಸ್ತಕ, ಓದುವ ಅಭ್ಯಾಸವೇ ಇಲ್ಲದ ಮಗುವಿಗೆ ಒಂದು ಆಸರೆ. ನನ್ನ ಮೊಮ್ಮಗಳು ಕೈಗೆ ಸಿಕ್ಕಿದ್ದನ್ನೆಲ್ಲ ಓದುವವಳು. ಅರ್ಥವಾಗದ ಮಾತನ್ನು ಹಾರಿಸಿಕೊಂಡು ಹೋಗುವುದೇ ಅವಳ ರೋಗ.

ಇಲ್ಲಿ ನಾನು ಅಕ್ಕನ ಮಾತು ಹೇಳಬೇಕು. ನನ್ನನ್ನು ಪ್ರೌಢಶಾಲೆಗೆಂದು ಪೇಟೆಯ ಹಾಸ್ಟೆಲಿಗೆ ಸೇರಿಸಿದ ಮನೆಯವರೇ ಅಕ್ಕನನ್ನು ಏಳನೆಯ ತರಗತಿಗೆ ಬಿಡಿಸಿದ್ದರು. ಹದಿನಾಲ್ಕು ವರ್ಷಕ್ಕೆ ಅವಳೂ ಮನೆಯಲ್ಲಿಯೇ ಕಲಿಯಬೇಕಾಯಿತು. ಅವಳನ್ನು ಮಾತ್ರ ಯಾರೂ ಕೇಳಿರಲಿಲ್ಲ. ಅವಳಿಗೆ ಅಮರವನ್ನೂ ಹೇಳಿಕೊಡಲಿಲ್ಲ. ತಾತನ ಕಣ್ಣಿಗೆ ಪೊರೆ ಬಂದಾಗ ಸಂಜೆಯ ಹೊತ್ತು ಕುಮಾರವ್ಯಾಸ ಭಾರತ ಓದಿ ಹೇಳುವ ಕೆಲಸ ಅವಳ ಪಾಲಿಗೆ ಬಂದಿತು. ತಿಳಿಯದ ಮಾತು ಬಂದರೆ ಅವಳು ಓದು ನಿಲ್ಲಿಸಿಬಿಡುತ್ತಿದ್ದಳು. ತಾತ ಅದಕ್ಕೆ ಪರ್ಯಾಯಪದ ಹೇಳುತ್ತಿರಲಿಲ್ಲ. ಅದೇ ಮಾತು ಹಿಂದೆ ಎಲ್ಲಿ ಬಂದಿತ್ತೆಂದು ನೆನಪು ಮಾಡಿ, “ಅಲ್ಲಿ ಹೇಗೆ ಕೂರುತ್ತೆ ನೋಡಮ್ಮ, ಇಲ್ಲಿಗೂ ಹೊಂದುತ್ತೋ ನೋಡು” ಎನ್ನುತ್ತಿದ್ದರು. ಹಳೆಯ ಪಂಚಾಂಗಗಳ ಹಿಂಬದಿಯ ಖಾಲಿ ಹಾಳೆಗಳಲ್ಲಿ ಅಕ್ಕ ಅವನ್ನು ಬರೆದಿಟ್ಟಳು. ಎಂ.ಎ. ತರಗತಿಗೆ ಕುಮಾರವ್ಯಾಸನನ್ನು ಓದುವಾಗ ರಜೆಯಲ್ಲಿ ಊರಿಗೆ ಹೋದ ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತು ಅವಳನ್ನು ಅರ್ಥ ಕೇಳುತ್ತಿದ್ದೆ. ಪದವಿ ನನಗೆ ಬಂದಿತು.

ಮಗಳಿಗೆ ಇದನ್ನು ಹೇಳಿದೆ. ಧಾತುವಿನ ಪುಸ್ತಕವನ್ನು ಕೊಳ್ಳು, ವಾರಕ್ಕೊಂದು ಪಾಠ ಸಾಕು. ದಿನಕ್ಕೆ ಅರ್ಧ ಗಂಟೆ ಅವಳು ಗಟ್ಟಿಯಾಗಿ ಓದಲಿ, ನೀನು ಕೇಳು. ಹಾರಿಸಿದ ಕಡೆ ನಿಲ್ಲಿಸು ಎಂದೆ. “ಅರ್ಧ ಗಂಟೆ ಎಲ್ಲಿಂದ ತರಲಿ ಅಪ್ಪ?” ಎಂದಳು. ಅವಳ ಮಾತೂ ನಿಜವೇ. ಪುಸ್ತಕಕ್ಕೆ ಕೊಡುವ ಹಣಕ್ಕಿಂತ ಅದು ದುಬಾರಿ. ಈಗ ವಾರಕ್ಕೆ ಎರಡು ದಿನ ಆ ಕೇಳುವ ಕೆಲಸವನ್ನು ದೂರವಾಣಿಯಲ್ಲಿ ನಾನೇ ಮಾಡುತ್ತಿದ್ದೇನೆ. ಇಂಗ್ಲಿಷಿನಲ್ಲಿ ನಾನು ತಿಳಿಯದೆ ನಿಲ್ಲಿಸುವ ಕಡೆಯೇ ಹೆಚ್ಚು, ಅರ್ಥ ಹುಡುಕಿ ಹೇಳುವವಳು ಅವಳು.

ಮೊನ್ನೆ ಅವಳಿಗೆ ತೋರಿಸಲೆಂದು ಅಕ್ಕನ ಪಂಚಾಂಗಗಳನ್ನು ತೆಗೆದೆ. ಕುಮಾರವ್ಯಾಸ ಮತ್ತೆ ಮತ್ತೆ ಬಳಸುವ ‘ಹದನ’ ಎಂಬ ಮಾತಿಗೆ ನಾನು ತರಗತಿಯಲ್ಲಿ ಮೂವತ್ತು ವರ್ಷ ‘ಸ್ಥಿತಿ, ಸಮಾಚಾರ’ ಎಂದು ಅರ್ಥ ಹೇಳಿದವನು. ಅಕ್ಕನೂ ಹಾಗೆಯೇ ಬರೆದಿದ್ದಾಳೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು ಉಂಟು: “ಪಾಕದ ಹದ ಅಲ್ಲ. ಆದರೂ ಅದೇ.”