ದಾರದ ತುದಿಯ ವಿಮಾನ, ಪರ್ಮಿಟ್ ಕಾಲದ ಎಂಜಿನ್

ಗಾಳಿಪಟಕ್ಕೆ ದಾರ ಇರುವುದು ಎಲ್ಲರಿಗೂ ಗೊತ್ತು. ವಿಮಾನಕ್ಕೂ ದಾರ ಕಟ್ಟಿ ಹಾರಿಸುತ್ತಾರೆ ಅಂದರೆ ನಮ್ಮ ಡೊಂಬಿವಲಿ ಲೋಕಲ್‌ನ ಗೆಳೆಯರು ನಗುತ್ತಾರೆ. ಆದರೆ ನಿಮ್ಮಲ್ಲಿ ಕಾಲೇಜಿನಲ್ಲಿ ಎನ್‌ಸಿಸಿ ಏರ್ ವಿಂಗ್ ಸೇರಿದ್ದವರಿದ್ದರೆ, ಕಂಟ್ರೋಲ್ ಲೈನ್ ಮಾಡೆಲ್ ಎಂದ ಕೂಡಲೇ ಮೂಗಿಗೆ ಈಥರ್ ವಾಸನೆ ಬಂದೇ ಬರುತ್ತದೆ. ಮೈದಾನದ ನಡುವೆ ಹಾರಿಸುವವನು, ಅವನ ಕೈಯಲ್ಲೊಂದು ಹಿಡಿ, ಹಿಡಿಯಿಂದ ಎರಡು ಉಕ್ಕಿನ ತಂತಿ, ತಂತಿಯ ತುದಿಯಲ್ಲಿ ಗಿರಗಿರ ಸುತ್ತುವ ಬಾಲ್ಸಾ ಮರದ ವಿಮಾನ. ಅದರಲ್ಲೇ ಲಾಗ ಹಾಕಿಸುವುದು, ತಲೆಕೆಳಗಾಗಿ ಹಾರಿಸುವುದು, ಗಾಳಿಯಲ್ಲಿ ಎಂಟು ಬರೆಸುವುದು, ಇದಕ್ಕೆ ಸ್ಟಂಟ್ ಎಂದು ಹೆಸರು.

ಈ ಆಟ ಹುಟ್ಟಿದ್ದು ಅಮೆರಿಕದ ಒರೆಗಾನ್ ರಾಜ್ಯದಲ್ಲಿ. 1936ರ ಜೂನ್‌ನಲ್ಲಿ ಓಬಾ ಸೇಂಟ್ ಕ್ಲೇರ್ ಎಂಬಾತ ಎಂಜಿನ್ ಇದ್ದ ಮಾದರಿಯನ್ನು ತಂತಿಗಳಿಂದ ನಿಯಂತ್ರಿಸಿ ಹಾರಿಸಿದ. ಅದೇ ರಾಜ್ಯದ ಜಿಮ್ ವಾಕರ್ 1940ರ ಸುಮಾರಿಗೆ ಎರಡು ತಂತಿಯ ಸರಳ ಏರ್ಪಾಡಿಗೆ 'ಯು-ಕಂಟ್ರೋಲ್' ಎಂದು ಹೆಸರಿಟ್ಟು, ಪೇಟೆಂಟ್ ಪಡೆದು, ಮಾರಾಟ ಮಾಡಿದ. ಕೊನೆಗೆ 1955ರಲ್ಲಿ, ಎಂಜಿನ್ ತಯಾರಕ ಕಾಕ್ಸ್ ಜೊತೆಗಿನ ಮೊಕದ್ದಮೆಯಲ್ಲಿ, ಸೇಂಟ್ ಕ್ಲೇರ್ ಮೊದಲೇ ಹಾರಿಸಿದ್ದನೆಂಬ ಕಾರಣಕ್ಕೆ ಆ ಪೇಟೆಂಟ್ ಬಿದ್ದುಹೋಯಿತು.

ನಮ್ಮ ದೇಶದಲ್ಲಿ ಇದನ್ನು ಸಾಮಾನ್ಯ ಮನೆಯ ಹುಡುಗರ ಕೈಗೆ ಕೊಟ್ಟಿದ್ದು ಎನ್‌ಸಿಸಿ. 1948ರಲ್ಲಿ ಎನ್‌ಸಿಸಿ ಶುರುವಾಯಿತು. ಅದರ ಏರ್ ವಿಂಗ್ ಆರಂಭವಾದದ್ದು 1950ರ ಏಪ್ರಿಲ್ 1ರಂದು, ಬೊಂಬಾಯಿ ಮತ್ತು ಕಲ್ಕತ್ತದಲ್ಲಿ ಒಂದೊಂದು ಸ್ಕ್ವಾಡ್ರನ್ ಆಗಿ. ನಾನು ಮಂಗಳೂರಿನಲ್ಲಿ ಬಿಕಾಂ ಓದುವಾಗ ಏರ್ ವಿಂಗ್ ಕೆಡೆಟ್. ಅಷ್ಟೂ ಹುಡುಗರಿಗೆ ಸೇರಿ ಇದ್ದದ್ದು ಒಂದೇ ಒಂದು ಡೀಸೆಲ್ ಎಂಜಿನ್. ಅದನ್ನು ಮಗುವಿನ ಹಾಗೆ ಎತ್ತಿಕೊಂಡು ಓಡಾಡುತ್ತಿದ್ದೆವು.

ಈಗ ಎಂಜಿನ್ ವಿಷಯಕ್ಕೆ ಬರೋಣ. ಸ್ಟಂಟ್‌ಗೆ ಬೇಕಾದದ್ದು ವೇಗವಲ್ಲ, ಸಮಸಮವಾದ ಎಳೆತ. ವಿಮಾನ ಮೂಗು ಮೇಲೆತ್ತಿದಾಗ ಎಂಜಿನ್ ಸೋಲಬಾರದು, ಕೆಳಕ್ಕೆ ಬರುವಾಗ ಹುಚ್ಚೆದ್ದು ಓಡಬಾರದು. 1940ರ ದಶಕದ ಕೊನೆಗೆ ಡ್ಯೂಕ್ ಫಾಕ್ಸ್ ತಯಾರಿಸಿದ 'ಫಾಕ್ಸ್ 35' ಎಂಜಿನ್, ಅಂದರೆ ಸುಮಾರು 5.7 ಸಿಸಿ, ಇದೇ ಗುಣಕ್ಕೆ ಹೆಸರಾಯಿತು. ಇಂಧನ ತುಸು ಹೆಚ್ಚು ಕೊಟ್ಟು ಬಿಟ್ಟರೆ ನೇರ ಹಾರಾಟದಲ್ಲಿ ಗೊರಗೊರ ಎನ್ನುತ್ತಾ ನಿಧಾನ ಓಡುತ್ತದೆ. ಮೂಗು ಎತ್ತಿದೊಡನೆ ಸ್ವರ ಬದಲಾಗಿ ಜೋರು ಹಿಡಿಯುತ್ತದೆ. ಸಮಕ್ಕೆ ಬಂದರೆ ಮತ್ತೆ ಗೊರಗೊರ. ಜಾರ್ಜ್ ಆಲ್ಡ್ರಿಚ್‌ನ 'ನೋಬ್ಲರ್' ಎಂಬ ಪ್ರಸಿದ್ಧ ಸ್ಟಂಟ್ ಮಾದರಿಗೂ ಈ ಎಂಜಿನ್ನಿಗೂ ಒಳ್ಳೆಯ ಜೋಡಿ.

ಆದರೆ ನಮಗೆ ಫಾಕ್ಸ್ ಎಲ್ಲಿಂದ ಬರಬೇಕು? ಅದು ಗ್ಲೋ ಎಂಜಿನ್. ಉರಿಯಲು ಮೆಥನಾಲ್ ಬೇಕು, ಚಾಲೂ ಮಾಡಲು ಪ್ಲಗ್ಗು, ಬ್ಯಾಟರಿ ಬೇಕು. ಮೆಥನಾಲ್ ವಿಷ, ಮಾರಾಟಕ್ಕೆ ಕಟ್ಟುಪಾಡು. ಕಟ್ಟುಪಾಡು ಯಾಕೆ ಎಂದು ಮುಂಬಯಿಯವರಿಗೆ ಹೇಳಬೇಕಿಲ್ಲ. 2015ರ ಜೂನ್‌ನಲ್ಲಿ ಮಾಲ್ವಣಿಯಲ್ಲಿ ಮೆಥನಾಲ್ ಬೆರೆತ ಸಾರಾಯಿ ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಇನ್ನು ಎಂಜಿನ್ ಆಮದು. ಬ್ಯಾಂಕಿನಲ್ಲಿ ವಿದೇಶಿ ವಿನಿಮಯ ವಿಭಾಗದಲ್ಲಿ ಕೂತ ಮೇಲೆ ನನಗೆ ಇದರ ಬುಡ ಅರ್ಥವಾಯಿತು. ಡಾಲರಿಗೆ ಬರ ಇದ್ದ ದೇಶದಲ್ಲಿ ಆಟದ ಎಂಜಿನ್ನಿಗೆ ಪರವಾನಗಿ ಕೊಡುವವರು ಯಾರು? 1991ರಲ್ಲಿ ಉದಾರೀಕರಣ ಬಂದರೂ, 2001ರ ಏಪ್ರಿಲ್ 1ರಂದು ಉಳಿದ 715 ಬಗೆಯ ವಸ್ತುಗಳ ಮೇಲಿನ ಆಮದು ನಿರ್ಬಂಧ ತೆಗೆಯುವವರೆಗೆ ಬಳಕೆಯ ಸಾಮಾನುಗಳಿಗೆ ಬಾಗಿಲು ಪೂರ್ತಿ ತೆರೆದಿರಲಿಲ್ಲ.

ಹಾಗಾಗಿ ನಮ್ಮ ಪಾಲಿಗೆ ಬಂದದ್ದು ಡೀಸೆಲ್. ಕಲ್ಕತ್ತದಲ್ಲಿ 'ಅರೋರಾ' ಹೆಸರಿನ ಪುಟ್ಟ ಎಂಜಿನ್‌ಗಳು ತಯಾರಾಗುತ್ತಿದ್ದವು. ಇದಕ್ಕೆ ಪ್ಲಗ್ಗೂ ಬೇಡ, ಬ್ಯಾಟರಿಯೂ ಬೇಡ. ತಲೆಯ ಮೇಲಿನ ಸ್ಕ್ರೂ ತಿರುಗಿಸಿ ಒತ್ತಡ ಹೊಂದಿಸಿದರೆ ಇಂಧನ ತಾನಾಗಿ ಹೊತ್ತಿಕೊಳ್ಳುತ್ತದೆ. ಇಂಧನವೆಂದರೆ ಈಥರ್, ಸೀಮೆಎಣ್ಣೆ ಮತ್ತು ಅಜ್ಜಿ ಹೊಟ್ಟೆ ತೊಳೆಯಲು ಕುಡಿಸುತ್ತಿದ್ದ ಅದೇ ಹರಳೆಣ್ಣೆ. ಡೀಸೆಲ್ಲಿಗೆ ಫಾಕ್ಸ್‌ನ ಸ್ವರ ಬದಲಾಯಿಸುವ ಗುಣ ಕಡಿಮೆ. ಆದರೆ ನಿಧಾನವಾಗಿ ದೊಡ್ಡ ಪ್ರೊಪೆಲ್ಲರ್ ತಿರುಗಿಸುವ ಶಕ್ತಿ ಚೆನ್ನಾಗಿದೆ. ಎಂಜಿನ್ನನ್ನು ಆರಿಸಿದವರು ನಾವಲ್ಲ, ಪರ್ಮಿಟ್ಟು ಮತ್ತು ಕೆಮಿಕಲ್ ಅಂಗಡಿ.

ನಿಯಂತ್ರಣದ ಕಥೆ ಮಾತ್ರ ಬೇರೆ. ಅಲ್ಲಿ ಯಾವ ಸರಕಾರವೂ ಅಡ್ಡ ಬರಲಿಲ್ಲ. ರೆಕ್ಕೆಯೊಳಗೆ ಬೆಲ್‌ಕ್ರ್ಯಾಂಕ್ ಎಂಬ ತ್ರಿಕೋನಾಕಾರದ ತುಂಡು. ಅದನ್ನು ಅಲ್ಯುಮಿನಿಯಂ ತಗಡಿನಲ್ಲಿ ನಾವೇ ಕತ್ತರಿಸಿದೆವು. ಅಲ್ಲಿಂದ ಬಾಲದ ಎಲಿವೇಟರಿಗೆ ಹೋಗುವ ಪುಶ್‌ರಾಡ್‌ಗೆ ಸೈಕಲ್ ಕಡ್ಡಿ. ಹಿಡಿ ವಾಲಿಸಿದರೆ ಒಂದು ತಂತಿ ಎಳೆದು, ಬೆಲ್‌ಕ್ರ್ಯಾಂಕ್ ತಿರುಗಿ, ಎಲಿವೇಟರ್ ಏಳುತ್ತದೆ. ಎಲಿವೇಟರಿನ ಹಾರ್ನಿನಲ್ಲಿ ಹೊರಗಿನ ತೂತಿಗೆ ಕಡ್ಡಿ ಸಿಕ್ಕಿಸಿದರೆ ವಿಮಾನ ಸೌಮ್ಯ, ಒಳಗಿನದಕ್ಕೆ ಸಿಕ್ಕಿಸಿದರೆ ಚುರುಕು. ಕಲಿಯುವವನಿಗೆ ಹೊರಗಿನದೇ ಸರಿ.

ಬೆಲ್‌ಕ್ರ್ಯಾಂಕಿನ ಬೋಲ್ಟ್ ಗಟ್ಟಿ ಇರಲೇಬೇಕು. ಯಾಕೆಂದು ಲೆಕ್ಕ ನೋಡಿ. 18 ಮೀಟರ್ ತಂತಿಯಲ್ಲಿ ಗಂಟೆಗೆ 80 ಕಿ.ಮೀ. ವೇಗದಲ್ಲಿ ಸುತ್ತುವ 1 ಕಿಲೋ ವಿಮಾನ 5 ಸೆಕೆಂಡಿಗೆ ಒಂದು ಸುತ್ತು ಮುಗಿಸುತ್ತದೆ, ಸುಮಾರು ಪೌಣೇ ಮೂರು ಕಿಲೋ ಭಾರದಷ್ಟು ಹೊರಕ್ಕೆ ಎಳೆಯುತ್ತದೆ. ಈ ಎಳೆತ ತಪ್ಪಿ ತಂತಿ ಸಡಿಲವಾದರೆ ನಿಯಂತ್ರಣವೇ ಇಲ್ಲ. ಅದಕ್ಕೇ ಎಂಜಿನ್ನನ್ನು ಒಂಚೂರು ಹೊರಮುಖ ಮಾಡಿ ಕೂರಿಸುತ್ತಾರೆ, ಹೊರ ರೆಕ್ಕೆಯ ತುದಿಗೆ ಸ್ವಲ್ಪ ಭಾರ ಸೇರಿಸುತ್ತಾರೆ. ಇಂಧನವೂ ಟ್ಯಾಂಕಿನ ಹೊರಬದಿಗೆ ತಳ್ಳಲ್ಪಡುವುದರಿಂದ ಹೀರುವ ನಳಿಗೆಯ ಬಾಯಿ ಹೊರಗಿನ ಹಿಂಮೂಲೆಯಲ್ಲೇ ಇರಬೇಕು.

ಕಲ್ಯಾಣದಲ್ಲಿರುವ ನನ್ನ ಸಹೋದ್ಯೋಗಿಯ ಮಗಳು ಈಗ ಏರ್ ವಿಂಗ್ ಕೆಡೆಟ್. 'ಅಂಕಲ್, ಯಾವ ಎಂಜಿನ್ ತಗೊಳ್ಳಲಿ?' ಎಂದು ಕೇಳಿದಳು. ಇಂದು ಆ ಪ್ರಶ್ನೆ ಸುಲಭ. ವಿದ್ಯುತ್ ಮೋಟಾರು, ಲಿಥಿಯಂ ಬ್ಯಾಟರಿ, ಒಂದು ಟೈಮರ್; ಗಲಾಟೆಯಿಲ್ಲ, ಎಣ್ಣೆಯಿಲ್ಲ. ಅಂತರರಾಷ್ಟ್ರೀಯ ಸ್ಟಂಟ್ ಸ್ಪರ್ಧೆಗಳಲ್ಲೂ ಹಲವರು ಅದನ್ನೇ ಹಾರಿಸುತ್ತಾರೆ. ಅದನ್ನೇ ತಗೊಳ್ಳಮ್ಮ ಅಂದೆ.

ಕಷ್ಟದ ಪ್ರಶ್ನೆ ಅವಳು ಕೇಳಲಿಲ್ಲ: ಹಾರಿಸುವುದೆಲ್ಲಿ? 18 ಮೀಟರ್ ತಂತಿಗೆ, ಸುತ್ತ ನಿಲ್ಲುವವರ ಕ್ಷೇಮವೂ ಸೇರಿ, 50 ಮೀಟರ್ ಅಗಲದ ಖಾಲಿ ವೃತ್ತ ಬೇಕು. ಠಾಣೆ, ಡೊಂಬಿವಲಿಯ ಮೈದಾನಗಳಲ್ಲಿ ಅಷ್ಟು ಜಾಗದಲ್ಲಿ ಮೂರು ಕ್ರಿಕೆಟ್ ಪಂದ್ಯ ನಡೆಯುತ್ತಿರುತ್ತವೆ. ಕಲ್ಯಾಣದ ಹತ್ತಿರ ನೇವಾಳಿಯಲ್ಲಿ ಎರಡನೇ ಮಹಾಯುದ್ಧದ ಕಾಲದ ವಿಮಾನಪಟ್ಟಿಯೇ ಇದೆ. ಆದರೆ ಆ ಭೂಮಿಗಾಗಿ 2017ರ ಜೂನ್‌ನಲ್ಲಿ ರೈತರು ಬೀದಿಗಿಳಿದಿದ್ದರು, ಅಲ್ಲಿ ಆಟಕ್ಕೆ ಜಾಗ ಕೇಳುವ ಹಾಗಿಲ್ಲ. ನವಿ ಮುಂಬಯಿಯಲ್ಲಿ 2025ರ ಡಿಸೆಂಬರಿನಿಂದ ನಿಜವಾದ ವಿಮಾನಗಳೇ ಹಾರುತ್ತಿವೆ. ರೈಲ್ವೆ ಹಳಿಯ ಪಕ್ಕವಂತೂ ಕನಸಿನಲ್ಲೂ ಬೇಡ. ತಲೆಯ ಮೇಲೆ 25 ಸಾವಿರ ವೋಲ್ಟ್, ಕೈಯಲ್ಲಿ ಉಕ್ಕಿನ ತಂತಿ.

ನಮ್ಮ ಕಾಲದಲ್ಲಿ ಮೈದಾನ ಬೇಕಾದಷ್ಟಿತ್ತು, ಎಂಜಿನ್ ಇರಲಿಲ್ಲ. ಈಗ ಎಂಜಿನ್ ಮನೆ ಬಾಗಿಲಿಗೇ ಬರುತ್ತದೆ. ಆ ಹುಡುಗಿಯ ಅಪ್ಪನಿಗೆ ನಾನು ಹೇಳಿದ್ದು ಇಷ್ಟೇ: ಮೋಟಾರಿಗೆ ದುಡ್ಡು ಕಟ್ಟುವ ಮೊದಲು ಅಳತೆ ಟೇಪು ಹಿಡಿದು ಒಂದು ಭಾನುವಾರ ಬೆಳಗ್ಗೆ ಮೈದಾನ ಹುಡುಕಲು ಹೊರಡಿ, ನಾನೂ ಬರುತ್ತೇನೆ.