ಅಬ್ರಹಾಂ ಬೆನ್ ಯಿಜುವಿನ ಕಂಚಿನ ಕಾರ್ಖಾನೆ: ಹನ್ನೆರಡನೆಯ ಶತಮಾನದ ಕರಾವಳಿಯಲ್ಲಿ ಒಂದು ವಿದೇಶೀ ಸಂಸಾರ

ಪರದೇಶದಿಂದ ಬಂದ ವರ್ತಕನು ಅನ್ಯರ ನಾಡಿನಲ್ಲಿ ನೆಲೆನಿಂತು ಒಂದು ಸಣ್ಣ ಉದ್ಯಮವನ್ನು ಆರಂಭಿಸಬೇಕಾದರೆ ಅವನಿಗೆ ಏನೇನು ಬೇಕು? ಬಂಡವಾಳ ಬೇಕು, ಹಡಗು ಬೇಕು, ಆಳುವವರ ಅಭಯ ಬೇಕು ಎಂದು ನಮ್ಮ ವಾಣಿಜ್ಯೇತಿಹಾಸದ ಗ್ರಂಥಗಳು ಸಾಮಾನ್ಯವಾಗಿ ಉತ್ತರ ಕೊಡುತ್ತವೆ. ಈ ಉತ್ತರ ತಪ್ಪಲ್ಲ. ಆದರೆ ಪೂರ್ಣವೂ ಅಲ್ಲ. ಅಂಥ ವರ್ತಕನು ಆ ನಾಡಿನ ಸ್ತ್ರೀಯನ್ನೇ ಕೈಹಿಡಿದು ಮನೆಮಾಡಿದಾಗ, ಆ ಮನೆಗೂ ಅವನ ಉದ್ಯಮಕ್ಕೂ ಇದ್ದ ಸಂಬಂಧವನ್ನು ಯಾರೂ ಲೆಕ್ಕದ ಪುಸ್ತಕದಲ್ಲಿ ಬರೆದಿಡುವುದಿಲ್ಲ. ನಮ್ಮ ಕರಾವಳಿಯಲ್ಲಿಯೇ ಜೀವಿಸಿದ್ದ ಅಂಥ ಒಬ್ಬನ ವೃತ್ತಾಂತವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಈ ವೃತ್ತಾಂತಕ್ಕೆ ಆಧಾರವಾದ ದಾಖಲೆಗಳು ದೊರೆತುದು ಮಂಗಳೂರಿನಲ್ಲಲ್ಲ, ಈಜಿಪ್ಟಿನಲ್ಲಿ. ಹಳೆಯ ಕೈರೋ, ಎಂದರೆ ಫುಸ್ತಾತ್ ನಗರದ ಬೆನ್ ಎಜ್ರಾ ಯೆಹೂದಿ ಮಂದಿರದಲ್ಲಿ ‘ಗೆನೀಜಾ’ ಎಂಬ ಒಂದು ಕೋಣೆಯಿದ್ದಿತು. ದೇವರ ನಾಮವಿರುವ ಬರಹವನ್ನು ಹಾಳುಗೆಡವಬಾರದೆಂಬ ನಂಬಿಕೆಯಿಂದ ಯೆಹೂದಿಗಳು ಬೇಡವಾದ ಕಾಗದಗಳನ್ನು ಅಲ್ಲಿ ಹಾಕುತ್ತಿದ್ದರು. ಧರ್ಮಗ್ರಂಥದ ಹಾಳೆಗಳೊಡನೆ ಪತ್ರಗಳು, ಲೆಕ್ಕಗಳು, ಕರಾರುಗಳು ಕೂಡ ಅಲ್ಲಿ ಸೇರಿಕೊಂಡುವು. 1896-97ರಲ್ಲಿ ಸಾಲೊಮನ್ ಶೆಖ್ಟರ್ ಎಂಬ ವಿದ್ವಾಂಸರು ಇವುಗಳಲ್ಲಿ ಬಹುಭಾಗವನ್ನು ಕೇಂಬ್ರಿಜ್ಜಿಗೆ ಸಾಗಿಸಿದರು. ಪತ್ರಗಳ ಭಾಷೆ ಹೆಚ್ಚಾಗಿ ಅರಬ್ಬಿ, ಲಿಪಿ ಹೀಬ್ರೂ. ಇವುಗಳೊಳಗಿನ ಭಾರತ ವ್ಯಾಪಾರದ ಕಾಗದಗಳನ್ನು ಕೂಡಿಸಿ ಅರ್ಥಮಾಡಿದ ಶ್ರೇಯಸ್ಸು ಎಸ್. ಡಿ. ಗೊಯ್ಟೈನ್ ಅವರಿಗೆ ಸಲ್ಲಬೇಕು. ಅವರ ಕಾಲಾನಂತರ ಆ ಕಾರ್ಯವನ್ನು ಎಂ. ಎ. ಫ್ರೀಡ್‌ಮನ್ ಅವರು ಮುಂದುವರಿಸಿ 2008ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಪಡಿಸಿದರು. ಅಮಿತಾವ್ ಘೋಷ್ ಅವರ 1992ರ ಗ್ರಂಥದಿಂದ ಈ ವಿಷಯ ಸಾಮಾನ್ಯ ವಾಚಕರಿಗೂ ಪರಿಚಿತವಾಯಿತು.

ಈ ಪತ್ರಗಳ ನಾಯಕನಾದ ಅಬ್ರಹಾಂ ಬೆನ್ ಯಿಜುವಿನ ಹುಟ್ಟೂರು ಈಗಿನ ಟ್ಯುನಿಸಿಯಾ ದೇಶದ ಸಮುದ್ರತೀರದಲ್ಲಿರುವ ಮಹದಿಯಾ. ಅಲ್ಲಿಂದ ಏಡನ್ನಿಗೆ ಬಂದು, ಅಲ್ಲಿಯ ವರ್ತಕರ ಪ್ರತಿನಿಧಿಯಾಗಿದ್ದ ಮದ್ಮೂನ್ ಎಂಬ ಪ್ರಬಲ ವ್ಯಕ್ತಿಯ ಆಶ್ರಯವನ್ನು ಗಳಿಸಿ, 1132ರ ವೇಳೆಗೆ ಅವನು ಮಂಗಳೂರನ್ನು ಸೇರಿದ್ದನು. ಅರಬ್ಬರು ‘ಮಂಜರೂರ್’ ಎಂದು ಕರೆಯುತ್ತಿದ್ದ ಈ ಬಂದರು ಆಗ ತುಳುನಾಡನ್ನಾಳುತ್ತಿದ್ದ ಆಳುಪರ ರಾಜ್ಯಕ್ಕೆ ಸೇರಿದ್ದಿತು. ನಡುವೆ ಕೆಲವು ವರ್ಷಗಳನ್ನು ಯೆಮನಿನಲ್ಲಿ ಕಳೆದನೆಂದು ವಿದ್ವಾಂಸರು ಊಹಿಸಿದ್ದಾರೆ. ಅದನ್ನು ಬಿಟ್ಟರೆ 1149ರವರೆಗೆ ಅವನ ಬಾಳು ಮಂಗಳೂರಿನಲ್ಲಿಯೂ ಮಲಬಾರಿನ ಇತರ ಬಂದರುಗಳಲ್ಲಿಯೂ ಕಳೆಯಿತು.

ಅವನು ಮೆಣಸು, ಏಲಕ್ಕಿ, ಅಡಕೆ, ಕಬ್ಬಿಣಗಳನ್ನು ಏಡನ್ನಿಗೆ ಕಳುಹಿಸುತ್ತಿದ್ದನು. ಆದರೆ ಅವನನ್ನು ಇತರ ವರ್ತಕರಿಂದ ಬೇರ್ಪಡಿಸುವುದು ಅವನು ನಡೆಸುತ್ತಿದ್ದ ಕಂಚಿನ ಕಾರ್ಖಾನೆ. ಏಡನ್ನಿನ ಮಿತ್ರರು ತಾಮ್ರ, ತವರ ಮತ್ತು ಒಡೆದುಹೋದ ಹಳೆಯ ಪಾತ್ರೆಗಳನ್ನು ಹಡಗಿನಲ್ಲಿ ಅವನಿಗೆ ಕಳುಹಿಸುತ್ತಿದ್ದರು. ಇಲ್ಲಿಯ ಕಂಚುಗಾರರು ಅವನ್ನು ಕರಗಿಸಿ ಹೊಸ ತಟ್ಟೆ, ಬೋಗುಣಿ, ಹೂಜಿ, ದೀಪಗಳನ್ನು ಮಾಡಿಕೊಡುತ್ತಿದ್ದರು. ಎಂಥ ಪಾತ್ರೆ ಬೇಕು, ಅದರ ತೂಕವೆಷ್ಟು, ಆಕಾರ ಹೇಗಿರಬೇಕು ಎಂಬುದನ್ನು ಗಿರಾಕಿಗಳು ಪತ್ರದಲ್ಲಿ ವಿವರಿಸುತ್ತಿದ್ದರು. ಭಾರವಾದ ಲೋಹವನ್ನು ಸಾಗರದಾಚೆಗೆ ಕಳುಹಿಸಿ, ಪಾತ್ರೆಯಾಗಿ ಮರಳಿ ತರಿಸಿಕೊಳ್ಳುವುದು ಲಾಭಕರವಾಗಿದ್ದಿತೆಂದರೆ, ನಮ್ಮ ಕಂಚುಗಾರರ ಕೈಚಳಕಕ್ಕೆ ಹೊರನಾಡುಗಳಲ್ಲಿದ್ದ ಬೆಲೆಯನ್ನು ನಾವು ಊಹಿಸಿಕೊಳ್ಳಬಹುದು.

ಇಂಥ ಉದ್ಯಮ ನಡೆಯುತ್ತಿದ್ದುದು ನಂಬಿಕೆಯ ಮೇಲೆ. ಹಡಗುಗಳ ಸಂಚಾರ ಮಾರುತಗಳಿಗೆ ಅಧೀನವಾಗಿದ್ದುದರಿಂದ ಒಂದು ಪತ್ರಕ್ಕೆ ಉತ್ತರ ಬರುವುದಕ್ಕೆ ಬಹುಮಟ್ಟಿಗೆ ಒಂದು ವರ್ಷವೇ ಹಿಡಿಯುತ್ತಿದ್ದಿತು. ಈ ಅವಧಿಯಲ್ಲಿ ಒಬ್ಬನ ಸರಕು ಇನ್ನೊಬ್ಬನ ಕೈಯಲ್ಲಿರುತ್ತಿದ್ದಿತು. ಮದ್ಮೂನ್, ಯೂಸುಫ್ ಬಿನ್ ಅಬ್ರಹಾಂ, ಖಲಫ್ ಬಿನ್ ಇಸ್‌ಹಾಕ್ ಈ ಮೂವರೂ ಬೆನ್ ಯಿಜುವಿನ ಸರಕನ್ನು ಏಡನ್ನಿನಲ್ಲಿ ಮಾರಿ, ಲೆಕ್ಕವನ್ನೊಪ್ಪಿಸಿ, ಅವನ ಮನೆಗೆ ಬೇಕಾದುದನ್ನು ಕೊಂಡು ಕಳುಹಿಸುತ್ತಿದ್ದರು. ಸಕ್ಕರೆ, ಒಣದ್ರಾಕ್ಷಿ, ಬಾದಾಮಿ, ಸಾಬೂನು, ಬಟ್ಟೆ, ಎಲ್ಲಕ್ಕಿಂತ ಹೆಚ್ಚಾಗಿ ಬರೆಯುವ ಕಾಗದ, ಇವು ಆ ಪಟ್ಟಿಗಳಲ್ಲಿ ಮತ್ತೆ ಮತ್ತೆ ಕಾಣುತ್ತವೆ. ಓಲೆಗರಿಯಲ್ಲಿ ಬರೆಯುವ ನಾಡಿಗೆ ಬಂದಿದ್ದ ಈ ವರ್ತಕನಿಗೆ ಕಾಗದವೇ ಸ್ವದೇಶದೊಡನೆ ಉಳಿದ ತಂತುವಾಗಿದ್ದಿತು.

ಇದು ಸಾಗರದ ಕಡೆಯ ನಂಬಿಕೆ. ಇದಕ್ಕೆ ಪತ್ರಗಳು ಸಾಕ್ಷಿಯಾಗಿವೆ. ದಡದ ಮೇಲಿನ ನಂಬಿಕೆಗೆ ಸಾಕ್ಷಿ ಯಾವುದು? ಈ ಪ್ರಶ್ನೆಯನ್ನು ಕೇಳಿಕೊಂಡಾಗ 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಬರೆಯಲ್ಪಟ್ಟ ಒಂದು ಪತ್ರ ನಮ್ಮ ಗಮನವನ್ನು ಸೆಳೆಯುತ್ತದೆ. ಅದು ಬೆನ್ ಯಿಜುವು ತನ್ನ ದಾಸಿಯಾದ ಆಶು ಎಂಬುವಳಿಗೆ ಬಿಡುಗಡೆಯನ್ನಿತ್ತ ಪತ್ರ. ಆಶು ಯೆಹೂದಿ ಧರ್ಮವನ್ನು ಸ್ವೀಕರಿಸಿ ‘ಬೆರಾಖಾ’, ಎಂದರೆ ಆಶೀರ್ವಾದ, ಎಂಬ ಹೆಸರನ್ನು ಪಡೆದಳೆಂದು ಅದರಿಂದ ತಿಳಿದುಬರುತ್ತದೆ. ಇವಳೇ ಅವನ ಮಡದಿಯಾದಳೆಂದೂ ಅವನ ಮಕ್ಕಳ ತಾಯಿಯೆಂದೂ ಗೊಯ್ಟೈನ್ ಅವರು ನಿರ್ಣಯಿಸಿದ್ದಾರೆ.

ಈ ಪತ್ರದ ಮಹತ್ವವನ್ನು ತಿಳಿಯಲು ಯೆಹೂದಿ ನ್ಯಾಯಶಾಸ್ತ್ರದ ಒಂದು ನಿಯಮವನ್ನು ನೆನೆಯಬೇಕು. ಆ ಶಾಸ್ತ್ರದಲ್ಲಿ ಮಗುವಿನ ಕುಲವನ್ನು ನಿರ್ಣಯಿಸುವವಳು ತಾಯಿ. ತಾಯಿ ಅನ್ಯಧರ್ಮದ ದಾಸಿಯಾಗಿದ್ದರೆ ಮಗುವೂ ದಾಸ್ಯಕ್ಕೆ ಸೇರಿದುದು. ತಂದೆಯ ಕುಲಗೌರವ ಅದಕ್ಕೆ ದೊರೆಯದು. ಆದುದರಿಂದ ಈ ಬಿಡುಗಡೆಯ ಪತ್ರವು ಹುಟ್ಟಲಿರುವ ಮಕ್ಕಳಿಗೆ ಹಾಕಿದ ಅಡಿಪಾಯವೂ ಆಗಿದ್ದಿತು. ಅಳಿಯಸಂತಾನದ ಕಟ್ಟನ್ನು ಬಲ್ಲ ನಮ್ಮ ಕರಾವಳಿಯ ವಿದ್ಯಾರ್ಥಿಗಳಿಗೆ ತಾಯಿಯಿಂದ ಕುಲವೆಣಿಸುವ ಈ ನ್ಯಾಯ ಅಪರಿಚಿತವೆನಿಸದು. ಆದರೆ ಎರಡೂ ಒಂದೇ ಎಂದು ಭಾವಿಸಬಾರದು. ಒಂದರಲ್ಲಿ ತಾಯಿಯ ಮನೆತನವು ಮಕ್ಕಳಿಗೆ ಆಸ್ತಿಯನ್ನು ತರುತ್ತದೆ. ಇನ್ನೊಂದರಲ್ಲಿ, ಆಶುವಿನಂಥವಳು ತನ್ನ ಹೆಸರನ್ನೂ ಧರ್ಮವನ್ನೂ ಬಿಟ್ಟ ಮೇಲೆಯೇ ಮಕ್ಕಳಿಗೆ ಸ್ಥಾನ ಲಭಿಸುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳದೆ ಇರಲಾರೆವು. ಈ ಸಂಬಂಧವನ್ನು ಎರಡು ಸಂಸ್ಕೃತಿಗಳ ಮಧುರ ಮಿಲನವೆಂದು ವರ್ಣಿಸುವುದು ಸುಲಭ. ಆದರೆ ಒಬ್ಬನು ಯಜಮಾನ, ಇನ್ನೊಬ್ಬಳು ದಾಸಿ ಎಂಬ ಸ್ಥಿತಿಯಿಂದಲೇ ಅದು ಆರಂಭವಾಯಿತು. ಬಿಡುಗಡೆಯ ಪತ್ರದಲ್ಲಿ ಮಾತನಾಡುವವನು ಅವನು. ಅವಳ ಸಮ್ಮತಿಯನ್ನು ಅವಳ ಬಾಯಿಂದ ನಾವು ಕೇಳಲಾರೆವು.

ಆದರೂ ಆ ಮನೆಯು ಉದ್ಯಮದ ಹೊರಗಿರಲಿಲ್ಲವೆಂಬುದಕ್ಕೆ ಬೆನ್ ಯಿಜುವಿನ ಸ್ವಂತ ಲೆಕ್ಕದಲ್ಲಿಯೇ ಒಂದು ಕುರುಹು ಇದೆ. ಅವನ ಕೈಬರಹದ ಲೆಕ್ಕವೊಂದರಲ್ಲಿ ‘ನಾಯರ್’ ಎಂಬ ಭಾವಮೈದುನನ ಹೆಸರು ಬರುತ್ತದೆ. ಇದರಿಂದ ಆಶು ನಾಯರ್ ಮನೆತನದವಳಿರಬಹುದೆಂದು ಗೊಯ್ಟೈನ್ ಅವರು ತರ್ಕಿಸಿದರು. ಆ ತರ್ಕವನ್ನು ಒಪ್ಪಲಿ ಬಿಡಲಿ, ಮಡದಿಯ ಸೋದರನು ವರ್ತಕನ ಕೊಡುಕೊಳೆಯ ಪುಟವನ್ನು ಪ್ರವೇಶಿಸಿದ್ದನೆಂಬುದು ಗಮನಾರ್ಹ. ಬೊಮ್ಮ ಎಂಬ ಇನ್ನೊಬ್ಬನನ್ನೂ ಇಲ್ಲಿ ನೆನೆಯಬೇಕು. ಅವನು ಬೆನ್ ಯಿಜುವಿನ ದಾಸ. ಆದರೆ ಒಡೆಯನ ಪರವಾಗಿ ಏಡನ್ನಿಗೆ ಹೋಗಿ ಸರಕನ್ನೂ ಹಣವನ್ನೂ ನಿರ್ವಹಿಸುವಷ್ಟು ವಿಶ್ವಾಸಪಾತ್ರ. ಪತ್ರಗಳಲ್ಲಿ ಕೇವಲ ವ್ಯಂಜನಗಳಿಂದ ಬರೆದಿದ್ದ ಅವನ ಹೆಸರನ್ನು ‘ಬೊಮ್ಮ’ ಎಂದು ಓದಬೇಕೆಂಬುದು ಘೋಷ್ ಅವರಿಗೆ ಹೊಳೆದುದು ಮಂಗಳೂರಿನ ಪ್ರೊ. ಬಿ. ಎ. ವಿವೇಕ ರೈ ಅವರ ನೆರವಿನಿಂದ. ತುಳುನಾಡಿನ ಹೆಸರನ್ನು ತುಳುವನ್ನು ಬಲ್ಲವರೇ ಗುರುತಿಸಬೇಕಾಯಿತು!

ಇದಕ್ಕೆ ವಿರುದ್ಧವಾದ ನಿದರ್ಶನವೂ ಉಂಟು. ಏಲಕ್ಕಿಯನ್ನು ಒದಗಿಸುವೆನೆಂದು ಮುಂಗಡ ಪಡೆದ ಒಬ್ಬ ಸ್ಥಳೀಯ ಕಾರಭಾರಿಯು ಸರಕನ್ನು ಕೊಡದೆಹೋದನು. ಏಡನ್ನಿನ ಪಾಲುದಾರರು ಪತ್ರದ ಮೇಲೆ ಪತ್ರ ಬರೆದು ಅದನ್ನು ವಸೂಲು ಮಾಡುವಂತೆ ಬೆನ್ ಯಿಜುವನ್ನು ಒತ್ತಾಯಿಸಿದರು. ಸಾಗರದಾಚೆಯ ಮಿತ್ರರಿಗೆ ಅಲ್ಲಿಂದ ಮಾಡಲು ಸಾಧ್ಯವಾದುದು ಇಷ್ಟೇ. ಊರಿನವನೊಬ್ಬನನ್ನು ಮಾತಿಗೆ ಕಟ್ಟಿಹಾಕಲು ಊರಿನ ನಂಟೇ ಬೇಕು. ಏಡನ್ನಿನ ಪತ್ರಗಳು ಅವನಿಗೆ ಗಿರಾಕಿಗಳನ್ನು ಕೊಟ್ಟುವು. ಆದರೆ ಕಂಚುಗಾರ, ಏಲಕ್ಕಿಯ ವ್ಯಾಪಾರಿ, ಬಂದರಿನ ಹಮಾಲಿ ಇವರ ನಡುವೆ ಅವನನ್ನು ಬಾಳಗೊಟ್ಟುದು ಈ ನೆಲದಲ್ಲಿ ಅವನು ಕಟ್ಟಿಕೊಂಡ ಸಂಸಾರ ಎಂಬುದು ನಮ್ಮ ಅಭಿಪ್ರಾಯ.

ಆ ಸಂಸಾರದ ಕಡೆಯ ಅಧ್ಯಾಯ ವ್ಯಥೆಯನ್ನುಂಟುಮಾಡುತ್ತದೆ. 1148ರಲ್ಲಿ ಸಿಸಿಲಿಯ ನಾರ್ಮನ್ ದೊರೆ ಎರಡನೆಯ ರೋಜರನು ಮಹದಿಯಾ ನಗರವನ್ನು ವಶಪಡಿಸಿಕೊಂಡನು. ಬೆನ್ ಯಿಜುವಿನ ಬಂಧುಗಳು ಚದುರಿಹೋದರು. 1149ರಲ್ಲಿ ಅವನು ಮಗನನ್ನೂ ಮಗಳನ್ನೂ ಕರೆದುಕೊಂಡು ಏಡನ್ನಿಗೆ ಮರಳಿ, ತಾನು ಮಕ್ಕಳೊಡನೆಯೂ ಸಂಪತ್ತಿನೊಡನೆಯೂ ಕ್ಷೇಮವಾಗಿ ಬಂದಿರುವೆನೆಂದು ಸೋದರರಿಗೆ ಬರೆದನು. ಆ ಪತ್ರದಲ್ಲಿ ಆಶುವಿನ ಪ್ರಸ್ತಾಪವಿಲ್ಲ. ಮಿತ್ರರು ಅವನಿಗೆ ಬರೆದ ಪತ್ರಗಳಲ್ಲಿ ಮಕ್ಕಳಿಗೆ ಶುಭಾಶಯಗಳಿವೆ, ಉಡುಗೊರೆಗಳಿವೆ, ತಾಯಿಯ ಹೆಸರಿಲ್ಲ. ಕೆಲವು ವರ್ಷಗಳಲ್ಲಿ ಮಗನು ಯೆಮನಿನಲ್ಲಿ ತೀರಿಕೊಂಡನು. ಉಳಿದವಳು ಮಗಳೊಬ್ಬಳೇ. ತಂದೆಯು ಅವಳನ್ನು ಪರರಿಗೆ ಕೊಡಲೊಲ್ಲದೆ, ಸಿಸಿಲಿಯಲ್ಲಿ ನೆಲೆಸಿದ್ದ ತನ್ನ ಸೋದರನ ಮಗನಾದ ಪೆರಾಹ್ಯಾ ಎಂಬುವನಿಗೆ ಗೊತ್ತುಮಾಡಿದನು. 1156ರಲ್ಲಿ ಫುಸ್ತಾತಿನಲ್ಲಿ ಆ ವಿವಾಹ ಜರುಗಿತು.

ಕಂಚಿನ ಕಾರ್ಖಾನೆಯಿಂದ ಗಳಿಸಿದ ಧನ ಹೀಗೆ ಮಗಳ ಬಳುವಳಿಯಾಗಿ ತಂದೆಯ ಕುಲವನ್ನು ಸೇರಿತು. 1132ರ ಆ ಒಂದು ಪತ್ರವಿಲ್ಲದಿದ್ದಲ್ಲಿ ಆ ಕುಲದ ಬಾಗಿಲು ಮಂಗಳೂರಿನ ಹುಡುಗಿಗೆ ತೆರೆಯುತ್ತಿರಲಿಲ್ಲ.

ನಮ್ಮ ಶಾಸನಗಳು ಅರಸರನ್ನೂ ದತ್ತಿಗಳನ್ನೂ ಹೇಳುತ್ತವೆ. ಗೆನೀಜಾದ ಪತ್ರಗಳು ಸರಕನ್ನೂ ಸಾಲವನ್ನೂ ಹೇಳುತ್ತವೆ. ಕರಾವಳಿಯ ಇತಿಹಾಸವನ್ನು ಬರೆಯಹೊರಟವರು ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಓದಬೇಕು. ಎರಡೂ ಹೇಳದೆ ಬಿಟ್ಟವರ ಜಾಗವನ್ನು ಖಾಲಿಯಾಗಿಯಾದರೂ ಗುರುತಿಸಿಡಬೇಕು. ಬೆನ್ ಯಿಜುವಿನ ಮಗಳ ಹೆಸರು ಸಿತ್ತ್ ಅಲ್-ದಾರ್, ಎಂದರೆ ‘ಮನೆಯೊಡತಿ’. ಆ ಮನೆಯ ಒಡತಿಯಾಗಿದ್ದವಳ ಹೆಸರು ಮಾತ್ರ ಅವಳನ್ನು ದಾಸಿಯೆಂದು ಕರೆದ ಹಾಳೆಯೊಂದರಿಂದಲೇ ನಮ್ಮವರೆಗೆ ಬಂದು ತಲುಪಿದೆ.