ಕೊಯಿಷ್‌ವಿಟ್ಸ್, ಮ್ಯಾಕ್ಸ್ ಒಟ್ಟೊ

1902-1944. ಅಮೆರಿಕದಲ್ಲಿ ಜರ್ಮನ್ ಸಾಹಿತ್ಯ ಬೋಧಿಸುತ್ತಿದ್ದ ಪ್ರಾಧ್ಯಾಪಕ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬರ್ಲಿನ್ ರೇಡಿಯೊದಿಂದ ಅಮೆರಿಕನ್ ಕೇಳುಗರಿಗೆ ಇಂಗ್ಲಿಷಿನಲ್ಲಿ ನಾಟ್ಸಿ ಪ್ರಚಾರ ನಡೆಸಿದವ. ಹುಟ್ಟಿದ್ದು 1902ರ ಫೆಬ್ರವರಿ 19ರಂದು, ಆಗ ಜರ್ಮನಿಗೆ ಸೇರಿದ್ದ ಸೈಲೀಸಿಯ ಪ್ರಾಂತದ ಯಾವರ್ ಪಟ್ಟಣದಲ್ಲಿ. ಇದು ಈಗ ಪೋಲೆಂಡಿನಲ್ಲಿದೆ.

ಮೊದಲ ಮಹಾಯುದ್ಧದ ಅನಂತರ ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ತರುಣ ವಿದ್ವಾಂಸರಿಗೆ ಹುದ್ದೆ ಸಿಗುವುದು ದುರ್ಲಭವಾಗಿತ್ತು. ಬರ್ಲಿನ್‌ನಲ್ಲಿ ವ್ಯಾಸಂಗ ಮಾಡಿದ ಕೊಯಿಷ್‌ವಿಟ್ಸ್ 1924ರಲ್ಲಿ ಅಮೆರಿಕಕ್ಕೆ ವಲಸೆ ಹೋಗಿ ನ್ಯೂಯಾರ್ಕಿನಲ್ಲಿ ನೆಲಸಿದ. ಕೊಲಂಬಿಯ ವಿಶ್ವವಿದ್ಯಾಲಯದಲ್ಲೂ ಅನಂತರ ಹಂಟರ್ ಕಾಲೇಜಿನಲ್ಲೂ ಜರ್ಮನ್ ಕಲಿಸಿದ. ಹಂಟರ್ ಆಗ ಮಹಿಳಾ ಕಾಲೇಜು. ವಿದ್ಯಾರ್ಥಿನಿಯರಲ್ಲಿ ಯಹೂದಿಗಳ ಸಂಖ್ಯೆ ಗಣನೀಯವಾಗಿತ್ತು. ಕೊಯಿಷ್‌ವಿಟ್ಸ್ ಜರ್ಮನ್ ಕಲಿಯುವವರಿಗಾಗಿ ಪಠ್ಯಪುಸ್ತಕಗಳನ್ನು ಬರೆದ. ಅಮೆರಿಕನ್ ನಾಟಕಕಾರ ಯೂಜೀನ್ ಓನೀಲ್‌ನನ್ನು ಕುರಿತು ಜರ್ಮನ್ ಭಾಷೆಯಲ್ಲಿ ಈತ ಬರೆದ ಗ್ರಂಥ 1938ರಲ್ಲಿ ಬರ್ಲಿನ್‌ನಲ್ಲಿ ಪ್ರಕಟವಾಯಿತು. ಎರಡೂ ನಾಡುಗಳ ಸಾಹಿತ್ಯವನ್ನು ಬಲ್ಲವನೆಂಬುದೇ ಮುಂದೆ ಬರ್ಲಿನ್ ರೇಡಿಯೊದಲ್ಲಿ ಈತನ ಬಂಡವಾಳವಾಯಿತು.

1935ರಲ್ಲಿ ಕೊಯಿಷ್‌ವಿಟ್ಸ್ ಅಮೆರಿಕದ ಪೌರತ್ವ ಪಡೆದ. ಅದೇ ವರ್ಷ ಹೊರಬಂದ 'ಎ ಜರ್ಮನ್ ಅಮೆರಿಕನ್ ಇಂಟರ್‌ಪ್ರೆಟ್ಸ್ ಜರ್ಮನಿ' ಎಂಬ ಪುಸ್ತಕದಲ್ಲಿ ಹೊಸ ಜರ್ಮನಿಯ ಬಗ್ಗೆ ಸಹಾನುಭೂತಿ ಎದ್ದು ಕಾಣುತ್ತದೆ. ಕ್ರಮೇಣ ನಾಟ್ಸಿ ಪಕ್ಷಪಾತಿ, ಯಹೂದಿ ದ್ವೇಷಿ ಎಂಬ ಆರೋಪಗಳು ಈತನ ಮೇಲೆ ಬಂದವು, ಬಡ್ತಿಯೂ ಕೈತಪ್ಪಿತು. 1939ರಲ್ಲಿ ರಜೆ ಪಡೆದು ಸಂಸಾರಸಮೇತ ಜರ್ಮನಿಗೆ ಹೋದವ 1940ರ ಜನವರಿಯಲ್ಲಿ ಅಲ್ಲಿಂದಲೇ ಕಾಲೇಜಿಗೆ ರಾಜೀನಾಮೆ ಸಲ್ಲಿಸಿದ.

ಬರ್ಲಿನ್‌ನ ದಕ್ಷಿಣಕ್ಕಿರುವ ಟ್ಸೇಸನ್‌ನ ಹ್ರಸ್ವತರಂಗ ಕೇಂದ್ರದಿಂದ ಉತ್ತರ ಅಮೆರಿಕಕ್ಕೆ 1933ರಿಂದಲೇ ಪ್ರಸಾರ ನಡೆದಿತ್ತು. ಯುದ್ಧ ಆರಂಭವಾದ ಮೇಲೆ ಅಮೆರಿಕನ್ನರ ಆಡುಮಾತು, ಅಭಿರುಚಿ, ರಾಜಕೀಯಗಳನ್ನು ಒಳಗಿನಿಂದ ಬಲ್ಲವರು ಈ ವಿಭಾಗಕ್ಕೆ ಬೇಕಾದರು. ಅಲ್ಲಿ ಸೇರಿದ ಕೊಯಿಷ್‌ವಿಟ್ಸ್ ಮೊದಲಿಗೆ ಕಾಲೇಜು ವಿದ್ಯಾರ್ಥಿಗಳನ್ನು ಉದ್ದೇಶಿಸಿ ಉಪನ್ಯಾಸಮಾಲೆಯೊಂದನ್ನು ನಡೆಸಿದ. ಸಾಹಿತ್ಯ, ಸಂಸ್ಕೃತಿಗಳ ವಿವೇಚನೆಯ ನಡುವೆ ರಾಜಕೀಯ ಬೋಧನೆಯೂ ನುಸುಳುತ್ತಿತ್ತು. 'ಡಾಕ್ಟರ್ ಆಂಡರ್ಸ್' ಎಂಬ ಹೆಸರಿನಲ್ಲೂ, ತನ್ನ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದ 'ಮಿಸ್ಟರ್ ಓ.ಕೆ.' ಎಂಬ ಹೆಸರಿನಲ್ಲೂ ಈತ ಮಾತನಾಡುತ್ತಿದ್ದ. ಮುಂದೆ ಅಮೆರಿಕ ವಿಭಾಗದ ಕಾರ್ಯಕ್ರಮಗಳ ಹೊಣೆಯೂ ಈತನಿಗೆ ಬಂತು.

1941ರ ಡಿಸೆಂಬರಿನಲ್ಲಿ ಅಮೆರಿಕ ಯುದ್ಧಕ್ಕಿಳಿದಾಗ ಪ್ರಸಾರದ ಗುರಿ ಬದಲಾಯಿತು. ಅಮೆರಿಕ ತಟಸ್ಥವಾಗಿ ಉಳಿಯಬೇಕೆಂಬ ವಾದಕ್ಕೆ ಅರ್ಥವಿಲ್ಲದಾಗಿ, ಸೈನಿಕರ ಹಾಗೂ ಅವರ ಮನೆಯವರ ಧೈರ್ಯಗೆಡಿಸುವುದೇ ಮುಖ್ಯವಾಯಿತು. ಈ ಕೆಲಸದಲ್ಲಿ ಕೊಯಿಷ್‌ವಿಟ್ಸ್‌ಗೆ ನೆರವಾದವಳು ಬರ್ಲಿನ್ ರೇಡಿಯೊದಲ್ಲಿ ಉದ್ಘೋಷಕಿಯಾಗಿದ್ದ ಅಮೆರಿಕನ್ ಮಹಿಳೆ ಮಿಲ್ಡ್ರೆಡ್ ಗಿಲ್ಲರ್ಸ್. ಸೈನಿಕರು 'ಆಕ್ಸಿಸ್ ಸ್ಯಾಲಿ' ಎಂದು ಕರೆಯುತ್ತಿದ್ದ ಈಕೆಗೂ ವಿವಾಹಿತನಾಗಿದ್ದ ಕೊಯಿಷ್‌ವಿಟ್ಸ್‌ಗೂ ಪ್ರಣಯಸಂಬಂಧವಿತ್ತು. ಜನಪ್ರಿಯ ಹಾಡುಗಳ ನಡುವೆ ಮನೆಯ ಹಂಬಲವನ್ನೂ ಮಡದಿಯ ನಿಷ್ಠೆಯ ಬಗ್ಗೆ ಶಂಕೆಯನ್ನೂ ಬಿತ್ತುವುದು ಇವರ 'ಹೋಂ ಸ್ವೀಟ್ ಹೋಂ' ಕಾರ್ಯಕ್ರಮದ ತಂತ್ರ.

ಕೊಯಿಷ್‌ವಿಟ್ಸ್‌ನ ರಚನೆಗಳಲ್ಲಿ ಹೆಚ್ಚು ಚರ್ಚಿತವಾದದ್ದು 'ವಿಷನ್ ಆಫ್ ಇನ್ವೇಶನ್' ಎಂಬ ರೇಡಿಯೊ ನಾಟಕ. ನಾರ್ಮಂಡಿ ದಾಳಿಗೆ ನಾಲ್ಕು ವಾರ ಮುಂಚೆ, 1944ರ ಮೇ 11ರಂದು ಇದು ಪ್ರಸಾರವಾಯಿತು. ಒಹಾಯೊ ರಾಜ್ಯದ ತಾಯಿಯೊಬ್ಬಳು ದಾಳಿಯ ಹಡಗಿನಲ್ಲಿ ಮಗ ಸಾಯುವುದನ್ನು ಕನಸಿನಲ್ಲಿ ಕಾಣುವುದು ಇದರ ವಸ್ತು. ತಾಯಿಯ ಪಾತ್ರ ಗಿಲ್ಲರ್ಸಳದು. ದಾಳಿಗೆ ಸಜ್ಜಾಗುತ್ತಿದ್ದವರಲ್ಲಿ ಭೀತಿ ಹುಟ್ಟಿಸುವುದೇ ನಾಟಕದ ಉದ್ದೇಶವಾಗಿತ್ತು.

ಜರ್ಮನಿಯಲ್ಲಿ ಹುಟ್ಟಿದ್ದರೂ ಅಮೆರಿಕದ ಪೌರನಾಗಿದ್ದುದರಿಂದ ಕೊಯಿಷ್‌ವಿಟ್ಸ್ ಅಲ್ಲಿನ ದೇಶದ್ರೋಹದ ಕಾನೂನಿಗೆ ಒಳಪಟ್ಟಿದ್ದ. 1943ರ ಜುಲೈ 26ರಂದು ವಾಷಿಂಗ್ಟನ್ನಿನಲ್ಲಿ ಎಂಟು ಮಂದಿ ಪ್ರಸಾರಕರ ಮೇಲೆ ಅವರ ಗೈರುಹಾಜರಿಯಲ್ಲೇ ದೇಶದ್ರೋಹದ ದೋಷಾರೋಪಣೆಯಾಯಿತು. ರೋಮ್‌ನಿಂದ ಪ್ರಸಾರ ಮಾಡುತ್ತಿದ್ದ ಕವಿ ಎಜ್ರಾ ಪೌಂಡ್‌ನೊಂದಿಗೆ ಕೊಯಿಷ್‌ವಿಟ್ಸ್‌ನ ಹೆಸರೂ ಅದರಲ್ಲಿತ್ತು. ಅದೇ ವರ್ಷದ ಆಗಸ್ಟಿನಲ್ಲಿ ಬರ್ಲಿನ್ ಮೇಲೆ ನಡೆದ ಬಾಂಬ್ ದಾಳಿಯಲ್ಲಿ ಈತನ ಹೆಂಡತಿ ಎರ್ನಾ ಸತ್ತಳು. ಕ್ಷಯ ಮತ್ತು ಹೃದಯದ ತೊಂದರೆಯಿಂದ 1944ರ ಆಗಸ್ಟ್ 31ರಂದು ಬರ್ಲಿನ್‌ನಲ್ಲಿ ಕೊಯಿಷ್‌ವಿಟ್ಸ್ ತೀರಿಕೊಂಡ. ಹೀಗಾಗಿ ಈತನ ವಿಚಾರಣೆ ನಡೆಯಲೇ ಇಲ್ಲ.

ಈತನ ಬರಹ ಮಾತ್ರ ನ್ಯಾಯಾಲಯದ ಕಟ್ಟೆ ಹತ್ತಿತು. 1949ರ ಜನವರಿಯಲ್ಲಿ ಗಿಲ್ಲರ್ಸಳ ಮೊಕದ್ದಮೆ ವಾಷಿಂಗ್ಟನ್ನಿನಲ್ಲಿ ಆರಂಭವಾದಾಗ, ಅಮೆರಿಕದ ಆಲಿಕೆ ಕೇಂದ್ರಗಳು ಧ್ವನಿಮುದ್ರಿಸಿಟ್ಟಿದ್ದ ಪ್ರಸಾರಗಳನ್ನು ಜ್ಯೂರಿಗೆ ಕೇಳಿಸಲಾಯಿತು. ಕೊಯಿಷ್‌ವಿಟ್ಸ್‌ನ ಪ್ರಭಾವಕ್ಕೆ ಒಳಗಾಗಿ ಆಕೆ ನಡೆದುಕೊಂಡಳೆಂಬುದು ಪ್ರತಿವಾದದ ಒಂದು ಅಂಶ. ಎಂಟು ಆರೋಪಗಳ ಪೈಕಿ ಮಾರ್ಚ್ 10ರಂದು ರುಜುವಾತಾದುದು ಒಂದೇ: 'ವಿಷನ್ ಆಫ್ ಇನ್ವೇಶನ್' ನಾಟಕದಲ್ಲಿ ಪಾತ್ರ ವಹಿಸಿದ್ದು. ಆಕೆಗೆ 10ರಿಂದ 30 ವರ್ಷಗಳ ಸೆರೆಯ ಜೊತೆಗೆ 10,000 ಡಾಲರ್ ದಂಡ ವಿಧಿಸಲಾಯಿತು. 1961ರಲ್ಲಿ ಪೆರೋಲ್ ಮೇಲೆ ಬಿಡುಗಡೆಯಾಯಿತು.